ಕ್ಯೂನಲ್ಲಿ ನಿಂತ ರೂಪನಗುಡಿ

ಆಫೀಸಿನ ವಿಷಯ ಬ್ಲಾಗಿಗೆ ತರಬಾರದು ಅನ್ನೋದು ನಾನೇ ಹಾಕಿಕೊಂಡ ನಿಯಮ. ಇಲ್ಲಿಗೆ ಬರೋದೇ ಆಫೀಸು ಮರೆಯೋಕೆ ಅಲ್ವಾ? ಆದರೆ ಈ ಸಲ ಆಫೀಸಿನ ಒಳಗೇ ನಮ್ಮೂರು ಬಂದು ನಿಂತುಬಿಟ್ಟಿತು, ಅದೂ ಎಂಟು ಪ್ರಶ್ನಾರ್ಥಕ ಚಿಹ್ನೆಗಳ ವೇಷದಲ್ಲಿ. ಹಾಗಾಗಿ ಇವತ್ತೊಂದು ದಿನ ನಿಯಮಕ್ಕೆ ರಜೆ. ತಾಂತ್ರಿಕ ವಿಷಯ ಸ್ವಲ್ಪ ಜಾಸ್ತಿಯೇ ಇದೆ, ಆದಷ್ಟು ಬಿಡಿಸಿ ಬರೀತೀನಿ. ಯುನಿಕೋಡ್ ಕನ್ನಡದಲ್ಲಿ ಬರೆಯುವ, ಓದುವ ನಿಮಗೆ ಇದೇನೂ ದೂರದ ಕಥೆ ಅಲ್ಲ.

ನಮ್ಮೂರು ಅಂದರೆ ರೂಪನಗುಡಿ, ಬಳ್ಳಾರಿ ತಾಲೂಕು. ಹೋಬಳಿ ಕೇಂದ್ರ. ಬೆಂಗಳೂರಿನಲ್ಲಿ ಯಾರಾದರೂ ಊರು ಕೇಳಿದರೆ "ಬಳ್ಳಾರಿ" ಅಂದು ಮುಗಿಸ್ತೀನಿ. "ಓ, ಗಣಿ!" ಅಂತಾರೆ. ನಮ್ಮ ಕಡೆ ಗಣಿಗಿಂತ ಹತ್ತಿ, ಮೆಣಸಿನಕಾಯಿ, ಜೋಳದ ಮಾತೇ ಜಾಸ್ತಿ ಅಂತ ವಿವರಿಸೋಕೆ ಹೋಗಲ್ಲ, ಬಿಟ್ಟುಬಿಡ್ತೀನಿ.

ನನ್ನ ಕೆಲಸ ಏನು ಅಂತ ದೊಡ್ಡಪ್ಪ ಒಂದ್ಸಲ ಕೇಳಿದ್ರು. "ದಲಾಲಿ ಕೆಲಸ ದೊಡ್ಡಪ್ಪ" ಅಂದೆ. ಗಾಬರಿಯಾದ್ರು :-) ಆದರೆ ನಿಜವಾಗಿ ಅದೇ. ಒಂದು ಕಡೆ ಅಪ್ಲಿಕೇಶನ್ ಸರ್ವರ್ ಇರುತ್ತೆ, ಜನ ಬಳಸುವ ವೆಬ್‌ಸೈಟು, ಮೊಬೈಲ್ ಆ್ಯಪ್ ಎಲ್ಲಕ್ಕೂ ಉತ್ತರ ಕೊಡುವ ಜಾವಾ ಪ್ರೋಗ್ರಾಮುಗಳು ಅದರೊಳಗೆ ಓಡ್ತಿರ್ತವೆ. ಇನ್ನೊಂದು ಕಡೆ ದೊಡ್ಡ ಕಂಪನಿಗಳ ಹಳೆಯ ಮೇನ್‌ಫ್ರೇಮ್. ಇವೆರಡೂ ನೇರವಾಗಿ ಮಾತಾಡಲ್ಲ. ಮಧ್ಯೆ ಮೆಸೇಜ್ ಕ್ಯೂ ಇರುತ್ತೆ. ಈ ಕಡೆಯವರು ಮೆಸೇಜನ್ನು ಕ್ಯೂನಲ್ಲಿ ಹಾಕಿ ತಮ್ಮ ಕೆಲಸಕ್ಕೆ ಹೋಗ್ತಾರೆ, ಆ ಕಡೆಯವರು ಪುರುಸೊತ್ತಾದಾಗ ತೆಗೆದುಕೊಳ್ತಾರೆ. ಆ ಕಡೆಯ ಯಂತ್ರ ರಾತ್ರಿಯಿಡೀ ಮಲಗಿದ್ದರೂ ಮೆಸೇಜು ಕ್ಯೂನಲ್ಲಿ ಬೆಚ್ಚಗೆ ಕಾಯ್ತಿರುತ್ತೆ. ಅಂಚೆ ಡಬ್ಬ ಅಂದುಕೊಳ್ಳಿ.

ಈ ಡಬ್ಬಗಳಲ್ಲಿ ದೊಡ್ಡ ಹೆಸರು ಐಬಿಎಂನವರದ್ದು. 1993ರಲ್ಲಿ ಎಂಕ್ಯೂಸೀರೀಸ್ ಅಂತ ಶುರುವಾಗಿದ್ದು 2002ರಲ್ಲಿ ವೆಬ್‌ಸ್ಪಿಯರ್ ಎಂಕ್ಯೂ ಆಯ್ತು, 2014ರಲ್ಲಿ ಐಬಿಎಂ ಎಂಕ್ಯೂ ಆಯ್ತು. (ಅದೇ 2014ರ ನವೆಂಬರ್ 1ಕ್ಕೆ ಇಂಗ್ಲಿಷಿನ ಕಾಗದಪತ್ರಗಳಲ್ಲಿ ನಮ್ಮ "ಬೆಲ್ಲಾರಿ"ಯೂ "ಬಳ್ಳಾರಿ" ಆಯ್ತು. ಹೆಸರು ಬದಲಾದ ವಿಷಯ ಆಮೇಲೆ ಮತ್ತೆ ಬರುತ್ತೆ, ನೆನಪಿಟ್ಟುಕೊಳ್ಳಿ.) ವೆಬ್‌ಸ್ಪಿಯರ್ ಅಪ್ಲಿಕೇಶನ್ ಸರ್ವರಿನೊಳಗೇ ಒಂದು ಮೆಸೇಜ್ ಬಸ್ ಇದೆ. 2004ರ ಕೊನೆಯಲ್ಲಿ ಬಂದ ಆರನೇ ಆವೃತ್ತಿಯಿಂದ ಇದೆ. ಆ ಬಸ್ಸನ್ನು ಹೊರಗಿನ ಎಂಕ್ಯೂಗೆ ಒಂದು ಲಿಂಕ್ ಮೂಲಕ ಜೋಡಿಸ್ತೀವಿ. ಎಂಕ್ಯೂ ಕಣ್ಣಿಗೆ ನಮ್ಮ ಬಸ್ಸು ಇನ್ನೊಂದು ಕ್ಯೂ ಮ್ಯಾನೇಜರಿನ ಹಾಗೆ ಕಾಣುತ್ತೆ, ಬಸ್ಸಿನ ಕಣ್ಣಿಗೆ ಎಂಕ್ಯೂ ಒಂದು ಪರದೇಶಿ ಬಸ್ಸಿನ ಹಾಗೆ. ಎರಡೂ ಕಡೆ ಚಾನೆಲ್ಲಿನ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ದೊಡ್ಡ ಅಕ್ಷರ ಚಿಕ್ಕ ಅಕ್ಷರದ ವ್ಯತ್ಯಾಸವಾದರೂ ಚಾನೆಲ್ ಮೇಲೇಳಲ್ಲ. ಇದನ್ನೆಲ್ಲ ಸೆಟಪ್ ಮಾಡೋದು ಒಂದು ಮಧ್ಯಾಹ್ನದ ಕೆಲಸ. ಸರಿಯಾಗಿದೆ ಅಂತ ಸೆಕ್ಯೂರಿಟಿ ಟೀಮಿನಿಂದ ಒಪ್ಪಿಗೆ ತಗೊಳ್ಳೋದು ಮೂರು ವಾರದ್ದು.

ಕಥೆ ಇರೋದು ಮೀಡಿಯೇಶನ್ನಿನಲ್ಲಿ. ಬಸ್ಸಿನ ಒಂದು ನಿಲ್ದಾಣಕ್ಕೆ ಮೆಸೇಜು ಬಂದಾಗ, ಅದು ಮುಂದಿನವರ ಕೈ ಸೇರುವ ಮೊದಲು, ನಡುವೆ ಒಂದು ಪುಟ್ಟ ಪ್ರೋಗ್ರಾಮು ಅದನ್ನು ಹಿಡಿದು ನೋಡಬಹುದು, ತಿದ್ದಬಹುದು, ಬೇರೆ ದಾರಿಗೆ ಕಳಿಸಬಹುದು, ಬೇಕಿದ್ದರೆ ಬಿಸಾಡಲೂಬಹುದು. ಮೀಡಿಯೇಶನ್ ಅಂದರೆ ಇಷ್ಟೇ. ಆ ಪ್ರೋಗ್ರಾಮು ಕೊನೆಗೆ ಒಂದೇ ಒಂದು ಮಾತು ಹೇಳಬೇಕು: ನಿಜ ಅಥವಾ ಸುಳ್ಳು, ಟ್ರೂ ಅಥವಾ ಫಾಲ್ಸ್. ಟ್ರೂ ಅಂದರೆ ಮೆಸೇಜು ಮುಂದೆ ಹೋಗುತ್ತೆ. ಫಾಲ್ಸ್ ಅಂದರೆ ಅಲ್ಲೇ ಮಾಯ. ಯಾರಿಗೂ ದೂರು ಹೋಗಲ್ಲ. ಈ "ಫಾಲ್ಸ್" ಅನ್ನೋ ಪದವನ್ನೂ ನೆನಪಿಟ್ಟುಕೊಳ್ಳಿ.

ಹಿಂದೆ ಅಂಚೆಯಲ್ಲೂ ಮೀಡಿಯೇಶನ್ ಇತ್ತು ಅಂದರೆ ನಂಬ್ತೀರಾ? ನಮ್ಮ ತಾತನ ಟ್ರಂಕಿನಲ್ಲಿ ಹಳೆಯ ಕಾರ್ಡು, ಇನ್‌ಲ್ಯಾಂಡ್ ಲೆಟರುಗಳ ಕಟ್ಟೊಂದಿದೆ. ನಮ್ಮದು ಗಡಿ ಸೀಮೆ. 1953ರ ಅಕ್ಟೋಬರ್‌ನಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ನೆಂಟಸ್ತನ ಮಾತ್ರ ಎರಡೂ ಕಡೆ ಉಳೀತು. ಹಾಗಾಗಿ ತಾತನಿಗೆ ಬಂದ ಕಾಗದಗಳಲ್ಲಿ ವಿಳಾಸ ಕೆಲವು ಕನ್ನಡದಲ್ಲಿ, ಕೆಲವು ತೆಲುಗಿನಲ್ಲಿ. ಅಂಥ ಎಷ್ಟೋ ಕಾಗದಗಳ ಮೂಲೆಯಲ್ಲಿ ಬೇರೆಯವರ ಕೈಬರಹದಲ್ಲಿ ಇಂಗ್ಲಿಷಲ್ಲಿ ಊರಿನ ಹೆಸರು ಗೀಚಿರುತ್ತೆ. ದಾರಿಯಲ್ಲಿ ಕಾಗದ ವಿಂಗಡಿಸಿದವರು ಯಾರೋ ಮುಂದಿನವರಿಗೆ ಅನುಕೂಲವಾಗಲಿ ಅಂತ ಬರೆದದ್ದು. ನನಗೆ ಇಷ್ಟವಾಗೋದು ಏನು ಗೊತ್ತಾ? ಅವರು ಮೂಲ ವಿಳಾಸದ ಮೇಲೆ ಗೀಟು ಹೊಡೆದಿಲ್ಲ. ತಮ್ಮದನ್ನು ಪಕ್ಕದಲ್ಲಿ ಬರೆದಿದ್ದಾರೆ, ಅಷ್ಟೆ. ಕೊನೆಗೆ ಪೋಸ್ಟ್‌ಮ್ಯಾನ್ ಓದೋದು ಮೂಲ ವಿಳಾಸವನ್ನೇ ತಾನೆ. 1972ರ ಆಗಸ್ಟ್ 15ಕ್ಕೆ ಬಂದ ಪಿನ್‌ಕೋಡೂ ಇದೇ ಜಾತಿಯದ್ದು. ನಮ್ಮ ಕಡೆಯದು 583ರಿಂದ ಶುರು. ವಿಳಾಸವನ್ನು ಮುಟ್ಟದೆ ಅದರ ಪಕ್ಕ ಕೂತು ದಾರಿ ತೋರಿಸುತ್ತೆ.

ಈಗ ವಿಷಯಕ್ಕೆ ಬರ್ತೀನಿ.

ನಮ್ಮ ಗಿರಾಕಿ ಒಂದು ವಿಮಾ ಕಂಪನಿ. ಹೆಸರು ಬೇಡ. ಪ್ರೀಮಿಯಂ ಕಟ್ಟುವ ದಿನ ಹತ್ತಿರ ಬಂದಾಗ ಪಾಲಿಸಿದಾರರಿಗೆ ಅಂಚೆಯಲ್ಲಿ ನೋಟಿಸು ಹೋಗುತ್ತೆ. ಎಸ್ಸೆಮ್ಮೆಸ್ಸೂ ಹೋಗುತ್ತೆ ಅನ್ನಿ, ಆದರೆ ಹಳ್ಳಿಗಳ ಪಾಲಿಸಿಗಳಲ್ಲಿ ಎಷ್ಟೋ ಕಡೆ ಮೊಬೈಲ್ ನಂಬರು ಏಜೆಂಟರದ್ದೇ ಇರುತ್ತೆ. ಕಟ್ಟಲಿಲ್ಲ ಅಂದರೆ ಸಾಮಾನ್ಯವಾಗಿ 30 ದಿನ ಗ್ರೇಸ್ ಪೀರಿಯಡ್, ತಿಂಗಳ ಕಂತಾದರೆ 15 ದಿನ. ಅದೂ ದಾಟಿದರೆ ಪಾಲಿಸಿ ಲ್ಯಾಪ್ಸ್. ಆಮೇಲೆ ಮನೆಯಾತ ಲಾರಿಯಿಂದ ಬಿದ್ದು ಸತ್ತರೂ ಮನೆಯವರಿಗೆ ಏನೂ ಸಿಗಲ್ಲ. ಅಂದರೆ ಆ ಲಕೋಟೆ ತಲುಪೋದು ಬಿಡೋದು ಸಣ್ಣ ವಿಷಯವಲ್ಲ.

ಈ ಕಂಪನಿಯ ಏಜೆಂಟರು ಹೊಸ ಟ್ಯಾಬ್ಲೆಟ್ ಆ್ಯಪಿನಲ್ಲಿ ವಿಳಾಸವನ್ನು ಯುನಿಕೋಡ್ ಕನ್ನಡದಲ್ಲೇ ತುಂಬೋಕೆ ಶುರು ಮಾಡಿದ್ದರು. ಒಳ್ಳೆಯ ಕೆಲಸ. ಅದಾದ ಮೇಲೆ ವಾಪಸ್ ಬರುವ ಲಕೋಟೆಗಳು ಜಾಸ್ತಿಯಾದವು. ವಾಪಸ್ ಬಂದವುಗಳ ಸ್ಕ್ಯಾನುಗಳನ್ನು ನಮ್ಮ ಟೀಮಿಗೆ ಕಳಿಸಿ "ನೋಡಿ" ಅಂದರು. ಹೆಸರು ಇಂಗ್ಲಿಷಲ್ಲಿ ಸರಿಯಾಗಿತ್ತು. ಅದರ ಕೆಳಗೆ ಊರು ಇರಬೇಕಾದ ಸಾಲಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಕೆಳಗೆ ಪಿನ್‌ಕೋಡು. ಒಂದು ಲಕೋಟೆಯ ಪಿನ್‌ಕೋಡು ನೋಡಿ ಕುರ್ಚಿಯಲ್ಲೇ ಮುಂದೆ ಬಾಗಿದೆ. ನಮ್ಮ ಕಡೆಯದೇ.

????????

ಎಣಿಸಿದೆ. ಎಂಟು.

ಕನ್ನಡ ಬ್ಲಾಗರುಗಳಿಗೆ ಈ ಎಣಿಕೆ ಗೊತ್ತಿದ್ದರೆ ಒಳ್ಳೆಯದು, ಸ್ವಲ್ಪ ಬಿಡಿಸಿ ಹೇಳ್ತೀನಿ. ರೂಪನಗುಡಿ ನಮ್ಮ ಬಾಯಲ್ಲಿ ಐದು ಅಕ್ಷರ: ರೂ, ಪ, ನ, ಗು, ಡಿ. ಯುನಿಕೋಡಿನ ಲೆಕ್ಕದಲ್ಲಿ ಎಂಟು ಸಂಕೇತ, ಯಾಕೆಂದರೆ ರ ಬೇರೆ ಅದರ ಊಕಾರ ಬೇರೆ, ಗ ಬೇರೆ ಉಕಾರ ಬೇರೆ, ಡ ಬೇರೆ ಗುಡಿಸು ಬೇರೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು, ಒಟ್ಟು 24 ಬೈಟು. (ತಮಾಷೆ ಅಂದರೆ ಎಂಕ್ಯೂನಲ್ಲಿ ಪ್ರತಿ ಮೆಸೇಜಿನ ಐಡಿಯೂ ಸರಿಯಾಗಿ 24 ಬೈಟು.) ಐದು, ಎಂಟು, 24. ಹಾಳಾದ ಪಠ್ಯದಲ್ಲಿ ಎಷ್ಟು ಚಿಹ್ನೆ ಇವೆ ಅನ್ನೋದರ ಮೇಲೆ ಎಲ್ಲಿ ಹಾಳಾಯ್ತು ಅಂತ ಹೇಳಬಹುದು. 24 ವಿಚಿತ್ರ ಚಿಹ್ನೆ ಬಂದಿದ್ದರೆ, ಅಂದರೆ ತಲೆ ಮೇಲೆ ಗೆರೆ ಇರುವ ಇಂಗ್ಲಿಷ್ ಎ, ಅದರ ಪಕ್ಕ ಪುಟ್ಟ 2 ಅಥವಾ 3, ಹೀಗೆ ಮತ್ತೆ ಮತ್ತೆ ಬಂದಿದ್ದರೆ, ಹೆದರಬೇಕಿಲ್ಲ. ಯಾರೋ ಯುಟಿಎಫ್-8 ಬೈಟುಗಳನ್ನು ಒಂದೊಂದಾಗಿ ಇಂಗ್ಲಿಷ್ ಅಂತ ಓದಿದ್ದಾರೆ. ಬೈಟುಗಳು ಹಾಗೇ ಇವೆ, ವಾಪಸ್ ತಿರುಗಿಸಬಹುದು. ಆದರೆ ಎಂಟು ಪ್ರಶ್ನಾರ್ಥಕ ಬಂತು ಅಂದರೆ ಕಥೆ ಮುಗೀತು. ಆ ಪ್ರೋಗ್ರಾಮಿಗೆ ಅದು ಎಂಟು ಕನ್ನಡ ಸಂಕೇತ ಅಂತ ಸರಿಯಾಗಿ ಗೊತ್ತಿತ್ತು, ಗೊತ್ತಿದ್ದೂ ಕನ್ನಡವೇ ಇಲ್ಲದ ಪಟ್ಟಿಗೆ ಬದಲಾಯಿಸಿದೆ, ಸಿಗದ ಪ್ರತಿಯೊಂದರ ಜಾಗದಲ್ಲೂ ಒಂದೊಂದು ಪ್ರಶ್ನಾರ್ಥಕ ಇಟ್ಟಿದೆ. ಅಲ್ಲಿಂದ ವಾಪಸ್ ದಾರಿ ಇಲ್ಲ.

ಇಲ್ಲ ಅನ್ನೋದಕ್ಕೆ ಸಾಕ್ಷಿ ಬೇಕಾ? ಕುರುಗೋಡು ಎಣಿಸಿ. ನಾಲ್ಕು ಅಕ್ಷರ, ಆದರೆ ಎಂಟು ಸಂಕೇತ. ಅದೂ ಎಂಟು ಪ್ರಶ್ನಾರ್ಥಕ! ಕುರುಗೋಡೂ ರೂಪನಗುಡಿಯೂ ಲಕೋಟೆಯ ಮೇಲೆ ಒಂದೇ ಊರು. (ಬಳ್ಳಾರಿ ಏಳು, ಸಿರುಗುಪ್ಪ ಒಂಬತ್ತು. ಅವೆರಡು ಸ್ವಲ್ಪ ಪುಣ್ಯ ಮಾಡಿದ್ದವು.)

ಆವತ್ತು ರಾತ್ರಿ ದೊಡ್ಡಪ್ಪನಿಗೆ ಫೋನ್ ಮಾಡಿ, ಊರಿಲ್ಲದೆ ಬರೀ ಹೆಸರು, ಪಿನ್‌ಕೋಡು ಇದ್ದರೆ ಕಾಗದ ಬರುತ್ತಾ ಅಂತ ಕೇಳಿದೆ. "ಗೊತ್ತಿದ್ದೋರ್ದಾದ್ರೆ ತಂದ್ ಕೊಡ್ತಾನಪ್ಪಾ. ಇಲ್ಲಾಂದ್ರೆ ಯಾವ ಹನುಮಂತಪ್ಪ ಅಂತ ಹುಡುಕ್ತಾನ? ನಮ್ಮ ಓಣ್ಯಾಗ ನಾಕು ಮಂದಿ ಅದಾರ" ಅಂದ್ರು. ಒಂದು ಪಿನ್‌ಕೋಡಿನೊಳಗೆ ಎಷ್ಟು ಹಳ್ಳಿ, ಒಂದೊಂದು ಹಳ್ಳಿಯಲ್ಲಿ ಎಷ್ಟು ಹನುಮಂತಪ್ಪ, ಎಷ್ಟು ಈರಣ್ಣ, ಲೆಕ್ಕ ಹಾಕಿ.

ಹಾಳಾಗ್ತಿದ್ದದ್ದು ಎಲ್ಲಿ ಅಂತ ಹುಡುಕೋದು ಕಷ್ಟ ಆಗಲಿಲ್ಲ. ಎಂಕ್ಯೂ ಮೆಸೇಜಿಗೆ ಒಂದು ತಲೆಬರಹ ಇರುತ್ತೆ, ಅದರಲ್ಲಿ ಈ ಪಠ್ಯ ಯಾವ ಸಂಕೇತಪಟ್ಟಿಯಲ್ಲಿದೆ ಅನ್ನುವ ನಂಬರು ಇರುತ್ತೆ. 1208 ಅಂದರೆ ಯುಟಿಎಫ್-8. ಅಪ್ಲಿಕೇಶನ್ ಸರ್ವರಿನಿಂದ ಹೊರಡುವಾಗ ಪಠ್ಯ ಸರಿಯಾಗಿತ್ತು. ಮೀಡಿಯೇಶನ್ ದಾಟಿದ ಮೇಲೆ ನಂಬರು 37. ಅದು ಮೇನ್‌ಫ್ರೇಮಿನ ಇಬಿಸಿಡಿಕ್ ಪಟ್ಟಿಗಳಲ್ಲಿ ಒಂದು. ಒಟ್ಟು 256 ಮನೆಗಳು, ಕನ್ನಡಕ್ಕೆ ಒಂದೂ ಇಲ್ಲ. ಮೇನ್‌ಫ್ರೇಮಿಗೆ ಸುಲಭವಾಗಲಿ ಅಂತ ಯಾರೋ ಪುಣ್ಯಾತ್ಮ ಮೀಡಿಯೇಶನ್ನಿನಲ್ಲೇ ಇಡೀ ಮೆಸೇಜನ್ನು 37ಕ್ಕೆ ಬದಲಾಯಿಸಿ, ಮೂಲವನ್ನು ಎಸೆದು, ಹೊಸದನ್ನು ಮುಂದೆ ತಳ್ಳಿದ್ದ. ಆತ ಯಾವಾಗಲೋ ಕೆಲಸ ಬಿಟ್ಟು ಹೋಗಿಯಾಗಿತ್ತು. ಬರೆದಾಗ ಅದು ಸರಿಯಾಗಿಯೇ ಇತ್ತು ಅನ್ನಬೇಕು, ಯಾಕೆಂದರೆ ಆಗ ಯುನಿಕೋಡ್ ಬರ್ತಿರಲಿಲ್ಲ.

ಇಲ್ಲೊಂದು ವಿಚಿತ್ರ ನೋಡಿ. ಹಳೆಯ ಪಾಲಿಸಿಗಳ ವಿಳಾಸಗಳು ನುಡಿ ಫಾಂಟಿನಲ್ಲಿ ಟೈಪಿಸಿದ್ದವು. ಆ ಕಾಲದ ಫಾಂಟುಗಳು ನಿಮಗೆ ನೆನಪಿರಬಹುದು. ಒಳಗೆ ಇರೋದು ಇಂಗ್ಲಿಷ್ ಮತ್ತು ಯುರೋಪಿನ ಚಿಹ್ನೆಗಳು, ಫಾಂಟು ಅವುಗಳಿಗೆ ಕನ್ನಡದ ಮುಖವಾಡ ಹಾಕುತ್ತೆ. ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ದೆವ್ವ ಬರೆದ ಹಾಗೆ ಕಾಣುತ್ತೆ. ಆ ಯುರೋಪಿನ ಚಿಹ್ನೆಗಳಿಗೆಲ್ಲ 37ರ ಪಟ್ಟಿಯಲ್ಲಿ ಮನೆ ಇದೆ! ಹಾಗಾಗಿ ಮುಖವಾಡದ ಕನ್ನಡ ಮೇನ್‌ಫ್ರೇಮಿಗೆ ಹೋಗಿ, ಸುರಕ್ಷಿತವಾಗಿ ಹೊರಬಂದು, ಪ್ರಿಂಟಿಂಗಿನವರ ಫಾಂಟಿನಲ್ಲಿ ಮತ್ತೆ ಕನ್ನಡ ಆಗ್ತಿತ್ತು. ನಿಜವಾದ ಕನ್ನಡ ಮಾತ್ರ ಬಾಗಿಲಲ್ಲೇ ಸಾಯ್ತಿತ್ತು.

ನಮ್ಮ ಲೀಡ್ ಇದನ್ನೇ ಹಿಡಿದುಕೊಂಡರು. "ಹಳೇದು ಚೆನ್ನಾಗಿ ಹೋಗ್ತಿತ್ತಲ್ಲಪ್ಪ, ಮೀಡಿಯೇಶನ್ನಿನಲ್ಲೇ ಯುನಿಕೋಡ್‌ನ ಹಳೇ ಫಾಂಟಿಗೆ ಬದಲಾಯಿಸಿಬಿಡು. ಇಲ್ಲಾಂದ್ರೆ ಇಂಗ್ಲಿಷ್ ಮಾಡು. ಎರಡು ದಿನದ ಕೆಲಸ." ಒಳ್ಳೆಯ ಮನುಷ್ಯ, ಅವರ ತಲೆ ಮೇಲೆ ತಾರೀಖಿನ ಕತ್ತಿ ತೂಗ್ತಿತ್ತು. ಆದರೆ ನನಗೆ ಒಪ್ಪಿಗೆ ಆಗಲಿಲ್ಲ. "ಇಂಗ್ಲಿಷ್ ಮಾಡು ಅಂದರೆ ಯಾವ ಇಂಗ್ಲಿಷ್ ಸಾರ್?" ಅಂದೆ. ಸಿರುಗುಪ್ಪವನ್ನು ಇಂಗ್ಲಿಷಿನಲ್ಲಿ ಮೂರ್ನಾಲ್ಕು ಥರ ಬರೀತಾರೆ, ಕುರುಗೋಡನ್ನೂ ಹಾಗೇ, ರೂಪನಗುಡಿಗೆ ಯು ಒಂದಾ ಓ ಎರಡಾ ಅಂತ ನಮ್ಮ ಮನೆಯ ದಾಖಲೆಗಳಲ್ಲೇ ಒಮ್ಮತ ಇಲ್ಲ. ಲಕಾರ ಳಕಾರ ಎರಡೂ ಒಂದೇ ಎಲ್ ಆಗುತ್ತೆ, ನಕಾರ ಣಕಾರ ಎರಡೂ ಒಂದೇ ಎನ್. ಅಲ್ಲಿಂದ ವಾಪಸ್ ಕನ್ನಡಕ್ಕೆ ಬರೋಕೆ ಆಗಲ್ಲ. ಅದೂ ಒಂದು ಥರ ಪ್ರಶ್ನಾರ್ಥಕ ಚಿಹ್ನೆಯೇ, ನೋಡೋಕೆ ಚೆನ್ನಾಗಿರುತ್ತೆ ಅಷ್ಟೆ. ಪಹಣಿಯಲ್ಲೊಂದು ಹೆಸರು, ಆಧಾರಿನಲ್ಲೊಂದು ಹೆಸರು ಇಟ್ಟುಕೊಂಡು ಕಚೇರಿಯಿಂದ ಕಚೇರಿಗೆ ಅಲೆಯುವವರನ್ನು ಯಾರೂ ನೋಡಿಲ್ಲ ಅನ್ನೋಕಾಗಲ್ಲ.

ಹಾಗಾದರೆ ಬದಲಾಯಿಸದೆ 24 ಬೈಟನ್ನೂ ಹಾಗೇ ಕಳಿಸಿದರೆ? ಅದನ್ನೂ ನೋಡಿದೆವು. ಮೇನ್‌ಫ್ರೇಮಿನ ಕೋಬಾಲ್ ಪ್ರೋಗ್ರಾಮಿನಲ್ಲಿ ಊರಿಗೆ ಇಟ್ಟಿರುವ ಜಾಗ 20 ಬೈಟು. ಇಂಗ್ಲಿಷಿನ ರೂಪನಗುಡಿಗೆ ಹತ್ತೇ ಸಾಕು, ಕನ್ನಡದ್ದಕ್ಕೆ ನಾಲ್ಕು ಕಡಿಮೆ. "ರೂಪನಗು" ಅಂತ ಬಂದು ನಿಲ್ಲುತ್ತೆ, ಕೊನೆಗೆ ಡಕಾರದ ಮೂರರಲ್ಲಿ ಎರಡು ಬೈಟು ಅನಾಥವಾಗಿ ನೇತಾಡುತ್ತೆ. ಗುಡಿಯೇ ಹೋಯ್ತು, ನಗು ಉಳೀತು :-) ಬಳ್ಳಾರಿಯದ್ದು ಇನ್ನೂ ಹೊಟ್ಟೆ ಉರಿಸುವಂಥದ್ದು. 21 ಬೈಟು. ಒಂದೇ ಒಂದು ಬೈಟು ಸಾಲದೆ ಗುಡಿಸು ಕಳಚಿ "ಬಳ್ಳಾರ".

ಕೊನೆಗೆ ನಾನು ಕೇಳಿದ್ದು ಬೇರೆ ಪ್ರಶ್ನೆ. ಮೇನ್‌ಫ್ರೇಮಿಗೆ ಊರಿನ ಹೆಸರು ಯಾಕೆ ಬೇಕು? ಅದು ಲೆಕ್ಕ ಇಡುವ ಯಂತ್ರ. ಪಾಲಿಸಿ ನಂಬರು, ಮೊತ್ತ, ತಾರೀಖು, ಯಾವ ಹಳ್ಳಿ ಅನ್ನೋದಕ್ಕೆ ಒಂದು ಗುರುತು ಇದ್ದರೆ ಸಾಕು. ಹಳ್ಳಿಗೆ ಗುರುತು ಈಗಾಗಲೇ ಇದೆ. 2011ರ ಜನಗಣತಿಯಲ್ಲಿ ಪ್ರತಿ ಹಳ್ಳಿಗೂ ಆರಂಕಿಯ ಕೋಡು ಕೊಟ್ಟಿದ್ದಾರೆ. ಕನ್ನಡದ ಹೆಸರು ಬೇಕಾಗಿರೋದು ಲಕೋಟೆ ಮುದ್ರಿಸುವವರಿಗೆ, ಅವರ ಯಂತ್ರಕ್ಕೆ ಯುಟಿಎಫ್-8 ಅರ್ಥವಾಗುತ್ತೆ. ಹಾಗಿದ್ದ ಮೇಲೆ ಕನ್ನಡವನ್ನು ಮೇನ್‌ಫ್ರೇಮಿನ ಹೊಟ್ಟೆಯೊಳಗಿಂದ ಯಾಕೆ ತೂರಿಸಬೇಕು?

ಹೊಸ ಮೀಡಿಯೇಶನ್ ಹೀಗಾಯ್ತು. ಮೆಸೇಜು ಬಂದ ತಕ್ಷಣ ಅದರ ಒಂದು ಪ್ರತಿ ತೆಗೆಯುತ್ತೆ. ಮೂಲವನ್ನು ಒಂದು ಬೈಟೂ ಮುಟ್ಟದೆ ಮುದ್ರಣದ ಕ್ಯೂಗೆ ಕಳಿಸುತ್ತೆ. ಪ್ರತಿಯಲ್ಲಿ ವಿಳಾಸ ತೆಗೆದು ಹಳ್ಳಿಯ ಕೋಡು ಹಾಕಿ ಮೇನ್‌ಫ್ರೇಮಿನ ಕ್ಯೂಗೆ. ಎರಡೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಆಗಬೇಕು, ಆದರೆ ಎರಡೂ, ಇಲ್ಲಾಂದ್ರೆ ಎರಡೂ ಇಲ್ಲ. ಅದಕ್ಕೆ ಮೀಡಿಯೇಶನ್ ಸೆಟಪ್ಪಿನಲ್ಲಿ ಗ್ಲೋಬಲ್ ಟ್ರಾನ್ಸಾಕ್ಷನ್ ಅನ್ನುವ ಚೌಕಕ್ಕೆ ಟಿಕ್ ಹಾಕಬೇಕು. ಪಕ್ಕದಲ್ಲೇ ಇನ್ನೊಂದು ಆಸೆ ಹುಟ್ಟಿಸುವ ಚೌಕ ಇದೆ, ಒಂದೇ ಸಲಕ್ಕೆ ಹಲವು ಮೆಸೇಜು ಸಂಸ್ಕರಿಸುವುದು. ವೇಗ ಹೆಚ್ಚುತ್ತೆ, ಆದರೆ ಮೆಸೇಜುಗಳು ಬಂದ ಅನುಕ್ರಮದಲ್ಲೇ ಹೋಗ್ತವೆ ಅನ್ನೋ ಭರವಸೆ ಹೋಗುತ್ತೆ. "ಬಾಕಿ ಇದೆ" ಅನ್ನುವುದಕ್ಕಿಂತ ಮೊದಲು "ಕಟ್ಟಿದ್ದಾರೆ" ಅನ್ನುವುದು ಹೋದರೆ ಕಟ್ಟಿದವನಿಗೇ ನೋಟಿಸು. ಅದಕ್ಕೆ ಟಿಕ್ ಹಾಕಲಿಲ್ಲ.

ಹೆಸರಿನಿಂದ ಕೋಡು ಹುಡುಕುವುದೂ ಅಷ್ಟು ಸಲೀಸಲ್ಲ. ಕುರುಗೋಡಿನ "ಗೋ" ಇದೆಯಲ್ಲ, ಅದರ ಓಕಾರವನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಂಡಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಒಂದು ಕುರುಗೋಡು ಎಂಟು, ಇನ್ನೊಂದು ಹತ್ತು, ಎರಡೂ ಬೇರೆ ಊರು. ಹಾಗಾಗಿ ಹುಡುಕುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಹುಡುಕೋಕೆ ಮಾತ್ರ. ಮುದ್ರಣಕ್ಕೆ ಹೋಗುವ ಮೂಲದಲ್ಲಿ ಏನಿದೆಯೋ ಅದೇ ಇರಲಿ.

ಇಷ್ಟಕ್ಕೇ ಮುಗಿದಿದ್ದರೆ ಬ್ಲಾಗಿನಲ್ಲಿ ಬರೀತಿರಲಿಲ್ಲವೇನೋ.

ಹಳೆಯ ಕೋಡು ತೆಗೆದು ಹಾಕುವ ಮುಂಚೆ ಪೂರ್ತಿ ಓದಿದೆ. ಅದರಲ್ಲೊಂದು ಪಟ್ಟಿ ಇತ್ತು, ತಾಲೂಕಿನ ಹೆಸರು ಕೊಟ್ಟರೆ ಶಾಖೆಯ ಸಂಖ್ಯೆ ಕೊಡುವಂಥದ್ದು. ತಾಲೂಕು ಪಟ್ಟಿಯಲ್ಲಿ ಸಿಗದಿದ್ದರೆ ತಪ್ಪು ಸಂಭವಿಸಿದೆ ಅಂತ ಜಾವಾ ಕೂಗುತ್ತೆ. ಆ ಕೂಗನ್ನು ಹಿಡಿದು, ಯಾವ ಲಾಗಿನಲ್ಲೂ ಬರೆಯದೆ, ಸದ್ದಿಲ್ಲದೆ ಫಾಲ್ಸ್ ಅಂದುಬಿಟ್ಟಿತ್ತು ಆ ಪ್ರೋಗ್ರಾಮು. ಫಾಲ್ಸ್ ಅಂದರೆ ಏನು ಅಂತ ಮೇಲೆ ಹೇಳಿದೆ, ನೆನಪಿದೆ ಅಲ್ವಾ? ಮೆಸೇಜು ಮಾಯ. ಲಕೋಟೆ ಮುದ್ರಣವೇ ಆಗಲ್ಲ. ಮುದ್ರಣವೇ ಆಗದ್ದು ವಾಪಸ್ ಬರೋದು ಹೇಗೆ?

ಪಟ್ಟಿ ತೆಗೆದು ನೋಡಿದೆ. ಬಳ್ಳಾರಿ ಇತ್ತು, ಸಿರುಗುಪ್ಪ ಇತ್ತು, ಹೊಸಪೇಟೆ ಇತ್ತು. ಕುರುಗೋಡು ಇರಲಿಲ್ಲ. ಪಟ್ಟಿ ಮಾಡಿದ ಕಾಲಕ್ಕೆ ಕುರುಗೋಡು ಬಳ್ಳಾರಿ ತಾಲೂಕಿನ ಒಂದು ಊರು. ತಾಲೂಕು ಆದದ್ದು ಆಮೇಲೆ. ಏಜೆಂಟರ ಹೊಸ ಆ್ಯಪಿನಲ್ಲಿ ತಾಲೂಕು ಕುರುಗೋಡು ಅಂತ ಸರಿಯಾಗಿಯೇ ಇದೆ. ನಮ್ಮ ಮಧ್ಯವರ್ತಿಗೆ ಮಾತ್ರ ಅಂಥದ್ದೊಂದು ತಾಲೂಕು ಇರೋದೇ ಗೊತ್ತಿಲ್ಲ. ರೂಪನಗುಡಿ ಎಂಟು ಪ್ರಶ್ನಾರ್ಥಕವಾಗಿಯಾದರೂ ಲಕೋಟೆಯ ಮೇಲೆ ಉಳಿದಿತ್ತು. ಕುರುಗೋಡು ತಾಲೂಕಿನ ಪಾಲಿಸಿದಾರರಿಗೆ ಲಕೋಟೆಯೇ ಇರಲಿಲ್ಲ.

ಒಳಗೆ ಬಂದ ಮೆಸೇಜು, ಹೊರಗೆ ಹೋದ ಮೆಸೇಜು ಎರಡನ್ನೂ ಎಣಿಸಿ ತಾಳೆ ನೋಡಿದ್ದರೆ ಯಾವತ್ತೋ ಗೊತ್ತಾಗ್ತಿತ್ತು. ಯಾರೂ ಎಣಿಸಿರಲಿಲ್ಲ. ಇದಕ್ಕಿಂತ ನನ್ನ ಹೊಟ್ಟೆ ತೊಳಸಿದ ಹಾಗೆ ಆಗಿದ್ದು ಇನ್ನೊಂದು ಕಾಗದ ನೋಡಿ. ಗಿರಾಕಿಯ ಕಡೆಯಿಂದ ಬಂದ ವರದಿಯಲ್ಲಿ ಒಂದು ನಕಾಶೆ ಇತ್ತು, ಎಲ್ಲಿ ಪಾಲಿಸಿಗಳು ಹೆಚ್ಚು ಲ್ಯಾಪ್ಸ್ ಆಗ್ತವೆ ಅಂತ. ಕುರುಗೋಡಿನ ಮೇಲೆ ಕೆಂಪು ಬಣ್ಣ. ಪಕ್ಕದಲ್ಲಿ ಟಿಪ್ಪಣಿ: ಇಲ್ಲಿನ ಗ್ರಾಹಕರು ಕಂತು ಕಟ್ಟುವುದರಲ್ಲಿ ನಿರಾಸಕ್ತರು, ಹೊಸ ಪಾಲಿಸಿ ಕೊಡುವಾಗ ಎಚ್ಚರ ಇರಲಿ.

ನೋಟಿಸು ಕಳಿಸದೆ, ಕಟ್ಟಲಿಲ್ಲ ಅಂತ ಹಣೆಪಟ್ಟಿ!

ಮೀಟಿಂಗಿನಲ್ಲಿ ಇದನ್ನು ಹೇಳಿದೆ. ಕಂಪನಿಯವರು ತಕ್ಕಮಟ್ಟಿಗೆ ಮರ್ಯಾದೆಯಿಂದಲೇ ನಡೆದುಕೊಂಡರು ಅನ್ನಬೇಕು. ಲ್ಯಾಪ್ಸ್ ಆದವರಿಗೆಲ್ಲ ಹೊಸದಾಗಿ ನೋಟಿಸು ಹೋಯ್ತು, ದಂಡವಿಲ್ಲದೆ ಮತ್ತೆ ಚಾಲೂ ಮಾಡಿಕೊಳ್ಳಲು ಅವಕಾಶ ಕೊಟ್ಟರು. ನಕಾಶೆಯ ಕೆಂಪು ಹೋಯ್ತಾ ಇಲ್ವಾ ನನಗೆ ತೋರಿಸಿಲ್ಲ. ಈ ನಡುವೆ ಯಾರಾದರೂ ತೀರಿಕೊಂಡಿದ್ದರೆ ಅವರ ಮನೆಯವರ ಕಥೆ ಏನು ಅಂತ ಕೇಳಿದೆ. "ಅದು ಕ್ಲೇಮ್ಸ್ ವಿಭಾಗದ್ದು, ನಿಮ್ಮ ಸ್ಕೋಪಿನಲ್ಲಿ ಬರಲ್ಲ" ಅಂದರು. ನಿಜ, ಬರಲ್ಲ. ಆ ಉತ್ತರ ಮೀಟಿಂಗಿನ ನಡಾವಳಿಯಲ್ಲಿ ಬರೆದುಕೊಳ್ಳಿ ಅಂತ ಮಾತ್ರ ಹೇಳಿದೆ. ಲೀಡ್ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ನಡಾವಳಿಯಲ್ಲಿ ಬಂತು.

ಹೊಸ ಮೀಡಿಯೇಶನ್ನಿನಲ್ಲಿ ಫಾಲ್ಸ್ ಅನ್ನೋ ಪದವೇ ಇಲ್ಲ. ಗೊತ್ತಾಗದ್ದು ಬಂದರೆ ಅದು ಜೋರಾಗಿ ಕೂಗಲಿ ಅಂತ ಬಿಟ್ಟಿದ್ದೀನಿ. ಹಾಗೆ ಕೂಗಿದರೆ ಬಸ್ಸು ಆ ಮೆಸೇಜನ್ನು ವಾಪಸ್ ಇಟ್ಟು ಮತ್ತೆ ಪ್ರಯತ್ನಿಸುತ್ತೆ. ನಾವು ಬದಲಾಯಿಸದಿದ್ದರೆ ಐದು ಸಲ. ಆಮೇಲೂ ಆಗದಿದ್ದರೆ ಎಕ್ಸೆಪ್ಷನ್ ಡೆಸ್ಟಿನೇಶನ್ ಅನ್ನುವ ಪಕ್ಕದ ಕ್ಯೂಗೆ ತಳ್ಳುತ್ತೆ. ಅಲ್ಲಿ ಮೆಸೇಜು ಸುರಕ್ಷಿತವಾಗಿರುತ್ತೆ, ಮನುಷ್ಯರು ಬಂದು ನೋಡುವವರೆಗೆ.

ನೋಡುವ ಮನುಷ್ಯ ಸದ್ಯಕ್ಕೆ ನಾನೇ. ಜಿಲ್ಲೆ ತಾಲೂಕುಗಳ ಪಟ್ಟಿ ಹೊಸದು ಮಾಡುವಾಗ ಎಷ್ಟು ಓಡಾಟ ಕಂಡಿತು ಅಂತೀರಿ! 2021ರಲ್ಲಿ ವಿಜಯನಗರ ಜಿಲ್ಲೆ ಆಗಿ ಹೊಸಪೇಟೆ ನಮ್ಮಿಂದ ಹೋಯ್ತು. ಹರಪನಹಳ್ಳಿಯವರ ಪಾಡು ಕೇಳಲೇಬೇಡಿ. ಮೊದಲು ಬಳ್ಳಾರಿ, 1997ರಲ್ಲಿ ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ. ಮನೆ ಅಲ್ಲೇ ಇದೆ, ಜಿಲ್ಲೆ ಸುತ್ತಾಡಿಕೊಂಡು ಬಂತು. ಹಾಗಾಗಿ ಪಟ್ಟಿಯನ್ನು ಕೋಡಿನೊಳಗೆ ಹೂತಿಡದೆ ಹೊರಗೆ ಒಂದು ಫೈಲಿನಲ್ಲಿ ಇಟ್ಟಿದ್ದೀವಿ, ಪ್ರತಿ ಸಾಲಿಗೂ ಯಾವಾಗಿನಿಂದ ಅನ್ನುವ ತಾರೀಖು ಹಾಕಿ.

ಪ್ರತಿ ಸೋಮವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಎಕ್ಸೆಪ್ಷನ್ ಕ್ಯೂ ತೆಗೀತೀನಿ. ಕಳೆದ ವಾರ ಮೂರು ಮೆಸೇಜು ಇದ್ದವು. ಒಂದರಲ್ಲಿ ಊರಿನ ಹೆಸರಿನ ನಡುವೆ ಕಣ್ಣಿಗೆ ಕಾಣದ ಜೋಡಕ ಸಂಕೇತ ಸೇರಿಕೊಂಡಿತ್ತು, ಮೊಬೈಲ್ ಕೀಲಿಮಣೆಯ ಕರಾಮತ್ತು. ಇನ್ನೊಂದು ಹರಪನಹಳ್ಳಿಯದ್ದು, ಜಿಲ್ಲೆ ದಾವಣಗೆರೆ ಅಂತಲೇ ಇತ್ತು. ಮೂರನೆಯದರಲ್ಲಿ ಊರಿನ ಜಾಗದಲ್ಲಿ ಏಜೆಂಟರು ಬರೀ "ಗುಡಿ ಹಿಂದೆ" ಅಂತ ಬರೆದಿದ್ದಾರೆ. ಯಾವ ಊರು, ಯಾವ ಗುಡಿ? ಏಜೆಂಟರಿಗೆ ಫೋನ್ ಮಾಡಿಸಿದ್ದೀವಿ, ಇನ್ನೂ ಎತ್ತಿಲ್ಲ. ಮೆಸೇಜು ಕ್ಯೂನಲ್ಲೇ ಇದೆ.